ಸೋದರಳಿಯನಿಗೆ ಒಂದು ಕಾಗದ: ಟೆರಿಟೋರಿಯಲ್ ಆರ್ಮಿ (ಟಿ.ಎ.) ಕ್ಯಾಂಪಿನ ನೋಟೀಸಿನ ವಿಷಯ

ತೀರ್ಥಹಳ್ಳಿ ತಾಲ್ಲೂಕು
ಭೂಮಿ ಹುಣ್ಣಿಮೆ ಕಳೆದ ಮೂರನೇ ದಿನ

ಅಪ್ಪೀ,

ನಿನ್ನ ಕಾಗದ ಬಂತು. ಅಕ್ಕನ ಸೊಂಟದ ಆಪರೇಷನ್, ಮಾರುಕಟ್ಟೆ ಮಂಡಿಯಲ್ಲಿನ ನಿನ್ನ ಕೆಲಸ, ತೋಟಕ್ಕೆ ಆಳು ಸಿಗದಿರೋದು, ಇದೆಲ್ಲ ಮನೆಯವರಿಗೆಲ್ಲ ಗೊತ್ತಿರೋದೇ. ಅದನ್ನು ಮತ್ತೆ ಕೆದಕಲ್ಲ. ಕೊನೆಯಲ್ಲಿ, ಸಹಿ ಹಾಕೋ ಜಾಗದ ಮೇಲೆ ಒಂದು ಸಾಲು ಗೀಚಿದ್ದೀಯಲ್ಲ: "ಈ ಸಲ ಟಿ.ಎ. ಕ್ಯಾಂಪಿಗೆ ಹೋಗದೆ ಸುಮ್ಮನಿದ್ದುಬಿಡ್ತೀನಿ ಮಾವ, ಒಬ್ಬ ಹೋಗದಿದ್ದರೆ ಯಾರಿಗೆ ಗೊತ್ತಾಗುತ್ತೆ" ಅಂತ. ಅದನ್ನು ಓದಿದ ಮೇಲೆ ರಾತ್ರಿ ನಿದ್ದೆ ಹತ್ತಲಿಲ್ಲ.

ಗೊತ್ತಾಗುತ್ತೆ. ಕ್ಯಾಂಪಿನ ಮೊದಲ ದಿನವೇ ಪ್ರತಿ ಕಂಪನಿಯಿಂದ ಪರೇಡ್ ಸ್ಟೇಟ್ ಹೋಗುತ್ತೆ: ಬಂದವರೆಷ್ಟು, ರಜೆಯಲ್ಲಿ ಎಷ್ಟು, ಆಸ್ಪತ್ರೆಯಲ್ಲಿ ಎಷ್ಟು. ಇದ್ಯಾವ ಕಲಮಿಗೂ ಸೇರದವನಿಗೆ ಉಳಿಯೋದು ಒಂದೇ ಕಲಮು, ಗೈರು. ಅದು ಪಾರ್ಟ್ ಟೂ ಆರ್ಡರಿಗೆ ಏರಿತು ಅಂದರೆ ಮುಗೀತು. ಮದುವೆ, ಮಗು, ರಜೆ, ಬಡ್ತಿ ಎಲ್ಲ ಬರೆಯೋ ಕಾಗದ ಅದೇ. ಅಲ್ಲಿ ಬಿದ್ದದ್ದನ್ನು ಕಂಪನಿಯ ಗುಮಾಸ್ತ ಪ್ರೀತಿಗೆ ಅಳಿಸೋಕೆ ಬರಲ್ಲ.

ಹೋಗೋಕಾಗಲ್ಲ ಅನ್ನೋದಕ್ಕೆ ದಾರಿ ಇದೆ ಕಣೋ. ಸುಮ್ಮನಿರೋದಕ್ಕೆ ಇಲ್ಲ. ನಿನ್ನೆಯಷ್ಟೇ ಅಕ್ಟೋಬರ್ 9, ಟಿ.ಎ. ದಿನ, 1949ರಲ್ಲಿ ರಾಜಾಜಿ ಇದನ್ನು ಶುರು ಮಾಡಿಸಿದ ದಿನ. ಬೇರೆ ಹೊಟ್ಟೆಪಾಡು ಇರೋನನ್ನೇ ಇದಕ್ಕೆ ತಗೊಳ್ಳೋದು. ನಿನಗೆ ತೋಟ ಇದೆ, ಮನೆಯಲ್ಲಿ ಕಾಯಿಲೆ ಇದೆ ಅಂದರೆ ಕಮಾಂಡಿಂಗ್ ಆಫೀಸರು ಬೆಚ್ಚಿಬೀಳಲ್ಲ, ಪ್ರತಿ ವರ್ಷ ಅವರ ಮೇಜಿಗೆ ಇಂಥವೇ ಅರ್ಜಿ ಬರೋದು. ಬಾರದೇ ಇದ್ದ ಅರ್ಜಿಗೆ ಮಾತ್ರ ಅವರು ಏನೂ ಮಾಡಲಾರರು.

ಮೊದಲು ನೋಟೀಸನ್ನು ಸರಿಯಾಗಿ ಓದು. ವಾರ್ಷಿಕ ತರಬೇತಿಗೆ ಕರೆದಿದ್ದಾರೋ, ಎಂಬಾಡಿಮೆಂಟಿಗೋ, ಅಂದರೆ ಪೂರ್ತಿ ಸೇವೆಗೋ? ತರಬೇತಿ ಅಂದರೆ ಇನ್‌ಫೆಂಟ್ರಿಯಲ್ಲಿ ಎರಡು ತಿಂಗಳ ಲೆಕ್ಕ, ಮುಂದೆ ಹಾಕಿ ಅಂತ ಕೇಳಬಹುದು. ಎಂಬಾಡಿಮೆಂಟ್ ಬೇರೆ ಮಾತು. 2025ರ ಮೇ 6ರ ಕೇಂದ್ರದ ಆದೇಶದಲ್ಲಿ 32 ಇನ್‌ಫೆಂಟ್ರಿ ಬೆಟಾಲಿಯನ್‌ಗಳಲ್ಲಿ 14ನ್ನು ಹಾಗೆ ಕರೆಸಿಕೊಳ್ಳೋ ವಿಷಯ ಇತ್ತು, ನೆನಪಿದೆಯಲ್ಲ? ನಿನ್ನದು ಆ ಥರದ್ದಾದರೆ ಕಾಗದ ಬರೀತಾ ಕೂರಬೇಡ, ಫೋನ್ ಎತ್ತು.

ಅರ್ಜಿ ಒಂದೇ ಪುಟ ಇರಲಿ. ಕಮಾಂಡಿಂಗ್ ಆಫೀಸರಿಗೆ, ಕಂಪನಿ ಕಮಾಂಡರ್ ಮೂಲಕ. ಆರ್ಮಿ ನಂಬರ್, ರ‍್ಯಾಂಕು, ಹೆಸರು, ಕಂಪನಿ. ನೋಟೀಸಿನ ನಂಬರು, ತಾರೀಖು. ಕಾರಣ ಎರಡು ಸಾಲಿನಲ್ಲಿ. ತಾಯಿಗೆ ಯಾವ ದಿನ ಆಪರೇಷನ್ ಆಯಿತು, ಎಷ್ಟು ವಾರ ಊರುಗೋಲಿಲ್ಲದೆ ನಡೆಯೋ ಹಾಗಿಲ್ಲ, ಮನೆಯಲ್ಲಿ ಇನ್ನು ಯಾರೂ ಇಲ್ಲ, ಅಷ್ಟೆ. ತೋಟದ ಮಾತು ಎತ್ತಲೇಬೇಡ. ಕಾಯಿಲೆಯ ಜೊತೆ ಅಡಿಕೆ ಸೇರಿಸಿದರೆ ಓದೋರಿಗೆ ಅಡಿಕೆಯೇ ಕಾಣುತ್ತೆ. ಮಾಫಿ ಕೇಳಬೇಡ, ಬೇರೆ ತಾರೀಖು ಕೇಳು: ಮುಂದಿನ ಕ್ಯಾಂಪಿನ ಜೊತೆ ಸೇರಿಸಿಕೊಳ್ಳಿ ಅಂತ. ಜೊತೆಗೆ ಆಸ್ಪತ್ರೆಯ ಡಿಸ್ಚಾರ್ಜ್ ಸಮ್ಮರಿ. ಮೆಗ್ಗಾನ್‌ನಲ್ಲಿ ಮಾಡಿಸಿದ್ದರಿಂದ ಸರ್ಕಾರಿ ಸೀಲು ಇರುತ್ತೆ, ಒಳ್ಳೇದೇ ಆಯಿತು. ಡಾಕ್ಟರ ಹೆಸರು, ರಿಜಿಸ್ಟ್ರೇಷನ್ ನಂಬರು ಓದೋ ಹಾಗಿದೆಯಾ ನೋಡು. ಇಲ್ಲದಿದ್ದರೆ ಮತ್ತೆ ಹೋಗಿ ಹಾಕಿಸಿಕೊಂಡು ಬಾ. ಹೇಳೋಕೆ ಸುಲಭ ಅಂತೀಯೇನೋ. ಓಪಿಡಿಯ ಸಾಲು ನನಗೂ ಗೊತ್ತು.

ರಿಜಿಸ್ಟರ್ಡ್ ಪೋಸ್ಟು ಈಚೆಗೆ ಸ್ಪೀಡ್ ಪೋಸ್ಟಿನಲ್ಲೇ ಸೇರಿಹೋಯಿತು. ಸ್ಪೀಡ್ ಪೋಸ್ಟೇ ಮಾಡು, ರಸೀದಿ ನೋಟೀಸಿಗೆ ಪಿನ್ ಮಾಡಿಡು. ಮೊದಲೆಲ್ಲ ಟೆಲಿಗ್ರಾಂ ಕೊಟ್ಟು ಬಚಾವಾಗೋರು, ಅದೂ 2013ರಲ್ಲಿ ನಿಂತಿತು. ಫೋನಿನಲ್ಲಿ ಕಂಪನಿಯ ಸೀನಿಯರ್ ಜೆಸಿಒ (ಜೂನಿಯರ್ ಕಮಿಷನ್ಡ್ ಆಫೀಸರ್) ಸಾಹೇಬರಿಗೆ ಹೇಳು, ಆದರೆ ಅವರು "ಸರಿ, ಸರಿ" ಅಂದಿದ್ದನ್ನು ರಜೆ ಅಂದ್ಕೋಬೇಡ. ಅರ್ಜಿ ಕಳಿಸಿದ್ದೂ ರಜೆ ಅಲ್ಲ. ಬರಹದಲ್ಲಿ ಉತ್ತರ ಬರೋ ತನಕ ನೀನು ಹೋಗೋನೇ. ಹೊರಡೋ ಹಿಂದಿನ ದಿನದವರೆಗೂ ಉತ್ತರ ಇಲ್ಲ ಅಂದರೆ ರೈಲು ಹತ್ತು, ಅಲ್ಲೇ ಎದುರು ನಿಂತು ಕೇಳು. ಇದು ಕಠಿಣವಾಗಿ ಕೇಳಿಸುತ್ತೆ, ಗೊತ್ತು.

ಇನ್ನೊಂದು ಸಾಲೂ ಇತ್ತು ನಿನ್ನ ಕಾಗದದಲ್ಲಿ, ಹೊಡೆದುಹಾಕಿದ್ದೀಯ, ಆದರೂ ಓದೋಕೆ ಬಂತು: ಹೋಗಿ ಹಾಜರಿ ಹಾಕಿ, ನಾಲ್ಕು ದಿನ ರಜೆ ತಗೊಂಡು ಬಂದು ವಾಪಸ್ ಹೋಗದೆ ಉಳಿದುಬಿಡೋದು ಅಂತ. ಅದು ಸುಮ್ಮನಿರೋದಕ್ಕಿಂತ ಕೆಟ್ಟದ್ದು. ಕ್ಯಾಂಪಿಗೆ ಸೇರಿದ ಮೇಲೆ ನಿನ್ನ ಮೇಲೆ 1950ರ ಆರ್ಮಿ ಆಕ್ಟ್ ನಡೆಯುತ್ತೆ. ರಜೆ ಮೀರಿ ಉಳಿದರೆ ಅದಕ್ಕೇ ಒಂದು ಕಲಂ ಇದೆ, ಶಿಕ್ಷೆ 3 ವರ್ಷದ ತನಕ. ಪೊಲೀಸರಿಗೆ ಅಪ್ರಿಹೆನ್ಷನ್ ರೋಲ್, ಅಂದರೆ ಹಿಡಿದು ತನ್ನಿ ಅನ್ನೋ ಕಾಗದ, ಬರುತ್ತೆ, 30 ದಿನ ದಾಟಿದರೆ ಕೋರ್ಟ್ ಆಫ್ ಇನ್‌ಕ್ವೈರಿ ಕೂರುತ್ತೆ. ಅಕ್ಕ ವಾಕರ್ ಹಿಡಿದು ಜಗಲಿಗೆ ಬರೋ ಹೊತ್ತಿಗೆ ಪೊಲೀಸಪ್ಪ ಅಂಗಳದಲ್ಲಿ ನಿಂತಿದ್ದರೆ?

ನನ್ನ ಕಂಡಕ್ಟ್ ಶೀಟಿನಲ್ಲಿ, ಅಂದರೆ ನಡತೆ ಬರೆದಿಡೋ ಹಾಳೆಯಲ್ಲಿ, ಶಿಕ್ಷೆಯ ಒಂದು ಕೆಂಪು ಮಸಿಯ ಸಾಲಿದೆ. ನಾನೂ ಒಂದು ವರ್ಷ ಬರೆಯದೆ ಕೂತವನು. ಕಥೆ ಬೇಡ. ಒಂದು ಇನ್‌ಲ್ಯಾಂಡ್ ಲೆಟರ್ ಹಾಕಿದ್ದರೆ ಸಾಕಿತ್ತು ಅಂತ ಇವತ್ತಿಗೂ ಅನಿಸುತ್ತೆ. ಟಿ.ಎ.ಯಲ್ಲಿ ಪಿಂಚಣಿ ಸಿಗಬೇಕಾದರೆ ನಮ್ಮಂಥವರಿಗೆ 15 ವರ್ಷ ಎಂಬಾಡಿಡ್ ಸೇವೆ ಬೇಕು. ಮುಂದೆ ಯಾರನ್ನು ಉಳಿಸಿಕೊಳ್ಳೋದು ಅಂತ ನೋಡುವಾಗ ಮೊದಲು ಬಿಚ್ಚೋದು ಆ ಶೀಟು.

ವಿಳಾಸದ ಮಾತು. ನೀನು ಶಿವಮೊಗ್ಗದಲ್ಲಿ ಬಾಡಿಗೆಗಿದ್ದೀಯ, ಶೀಟ್ ರೋಲಿನಲ್ಲಿ (ನಿನ್ನ ಸೇವಾ ದಾಖಲೆಯಲ್ಲಿ) ಊರಿನ ವಿಳಾಸ. ಪೋಸ್ಟಣ್ಣ ನೋಟೀಸನ್ನು ಅಂಗಡಿಯಲ್ಲಿ ಕೊಟ್ಟು ಹೋದ ಅಂತ ನೀನೇ ಬರೆದಿದ್ದೀಯ. "ನನಗೆ ಸಿಗಲೇ ಇಲ್ಲ" ಅನ್ನೋದು ಅಲ್ಲಿ ನಡೆಯೋ ಮಾತಲ್ಲ, ವಿಳಾಸ ತಿಳಿಸೋ ಹೊಣೆ ನಿನ್ನದು. ಅದೇ ಲಕೋಟೆಯಲ್ಲಿ ಇನ್ನೊಂದು ಹಾಳೆ ಇಡು.

ಮಂಡಿಯ ಯಜಮಾನರಿಗೆ ನೋಟೀಸಿನ ಜೆರಾಕ್ಸ್ ಕೊಟ್ಟು, ನಿನ್ನ ಪ್ರತಿಯ ಮೇಲೆ ಅವರ ಸೀಲು ಹಾಕಿಸಿಕೋ. ಸೇವೆಗೆ ಕರೆಸಿಕೊಂಡವನನ್ನು ವಾಪಸ್ ಬಂದ ಮೇಲೆ ಕೆಲಸಕ್ಕೆ, ಮೊದಲಿಗಿಂತ ಕಡಿಮೆಯಲ್ಲದ ಷರತ್ತಿನಲ್ಲಿ, ಸೇರಿಸಿಕೊಳ್ಳಬೇಕು ಅಂತ ಟಿ.ಎ. ಕಾಯ್ದೆಯಲ್ಲೇ ಇದೆ. ಕಾಯ್ದೆ ತೋರಿಸಿ ಜಗಳ ಆಡು ಅಂತ ಹೇಳ್ತಿಲ್ಲ. ಸೀಲು ಇರಲಿ.

ತೋಟದ ಫಸಲನ್ನು ಚೇಣಿಗೆ (ಗುತ್ತಿಗೆಗೆ) ಕೊಟ್ಟುಬಿಡು, ಈ ಒಂದು ವರ್ಷ. ಕ್ವಿಂಟಾಲ್ ಹಸಿ ಅಡಿಕೆಗೆ 12–13 ಕೆಜಿ ಒಣಗಿದ್ದು ಕೊಡೋ ಹಾಗೆ ಮಾತಾಡಿಕೋ, ತೂಕದ ದಿನ ನಾನೇ ನಿಂತಿರ್ತೀನಿ. ನೀನು ಬಂದ ಮೇಲೆ ಅಡಿಕೆ ಗೊನೆ ತೆಗೀತೀನಿ ಅಂತ ಬಿಟ್ಟರೆ ಹಣ್ಣಾಗಿ ಎಲ್ಲ ಗೋಟೇ (ಹಣ್ಣಡಿಕೆಯೇ) ಆಗುತ್ತೆ, ಬೇಯಿಸಿ ಒಣಗಿಸೋ ರಾಶಿ ಅಡಿಕೆ ಸಿಗಲ್ಲ. ಚೇಣಿಯವನು ಎರಡು ಕಾಸು ಹೆಚ್ಚು ತಿನ್ನಲಿ ಬಿಡು. ಅಕ್ಕನ ಹತ್ರ ನಿನ್ನ ಅತ್ತೆ ಬಂದು ಇರ್ತಾಳೆ. ಅದನ್ನು ಕೇಳೋಕೆ ನಿನಗೆ ಸಂಕೋಚ ಆಗಿ ಈ ಸುಮ್ಮನಿರೋ ಯೋಚನೆ ಬಂತೇನೋ ಅಂತ ನನ್ನ ಗುಮಾನಿ. ತಪ್ಪಾಗಿದ್ದರೆ ಬೇಜಾರು ಮಾಡ್ಕೋಬೇಡ.

ಹೋಗೋದೇ ಆದರೆ: ಪ್ರಯಾಣಕ್ಕೆ ಕೊಡೋ ರೈಲ್ವೆ ವಾರಂಟನ್ನು ಸ್ಟೇಷನ್ ಕೌಂಟರಿನಲ್ಲಿ ಟಿಕೆಟ್ಟಿಗೆ ಬದಲಾಯಿಸಿಕೋ, ಬರೀ ವಾರಂಟ್ ಹಿಡಿದು ಕೂರೋ ಹಾಗಿಲ್ಲ. ಬೆಳಗಾವಿ ಕಡೆಗೆ ಬೀರೂರಿನಲ್ಲಿ ಗಾಡಿ ಬದಲಿಸಬೇಕು. ಗಾಡಿ ತಡವಾದರೆ ಸ್ಟೇಷನ್ ಮಾಸ್ಟರ್ ಹತ್ರ ಬರೆಸಿಕೋ. ಕಾಲ್ಬೆರಳ ಸಂದಿಯ ಕೆಸರುಹುಣ್ಣು ಮಾಯದೆ ಬೂಟು ಹಾಕಿದರೆ ಮೂರನೇ ದಿನಕ್ಕೆ ಕೀವಾಗುತ್ತೆ, ಓಟದಲ್ಲಿ ಹಿಂದೆ ಬೀಳ್ತೀಯ. ಇವತ್ತಿಂದಲೇ ಗದ್ದೆಗೆ ಇಳಿಯೋದು ನಿಲ್ಲಿಸು, ರಾತ್ರಿ ಕಾಲು ಒರೆಸಿ ಒಣಗಿಸಿ ಮಲಗು.

ಸೋಮವಾರದೊಳಗೆ ರಸೀದಿಯ ಫೋಟೋ ಕಳಿಸು. ಬರದಿದ್ದರೆ ಮಂಗಳವಾರ ಮೊದಲ ಬಸ್ಸಿಗೆ ನಾನೇ ಬರ್ತೀನಿ, ಬಂದು ಪಕ್ಕದಲ್ಲಿ ಕೂತು ಬರೆಸ್ತೀನಿ. ಏನು ಬೇಕಾದರೂ ಬರಿ, ಸುಮ್ಮನಿರಬೇಡ.

ನಿನ್ನ ಮಾವ

ಮರೆತಿದ್ದೆ: ಆರ್ಮಿ ನಂಬರಿನ ಕೊನೆಯಲ್ಲಿ ಒಂದು ಇಂಗ್ಲಿಷ್ ಅಕ್ಷರ ಇರುತ್ತಲ್ಲ, ಅದನ್ನು ಬಿಟ್ಟು ಬರೆಯೋ ಚಾಳಿ ನಿನಗೆ. ಹೋದ ಸಲವೂ ಬಿಟ್ಟಿದ್ದೆ. ಅದನ್ನೂ ಸೇರಿಸಿ ಬರಿ.