ಕ್ಯಾರವಾನ್ ಪ್ರವಾಸ: ಭಾನುವಾರದೊಳಗೆ ಉತ್ತರಿಸಿ

ಎಲ್ಲರಿಗೂ ನಮಸ್ಕಾರ. ಡಿಸೆಂಬರ್ 20ರ ಕರಾವಳಿ ಪ್ರವಾಸಕ್ಕೆ ಹೆಸರು ಕೊಟ್ಟಿರುವ ನಾಲ್ಕು ಕುಟುಂಬಗಳಿಗೆ ಈ ಸೂಚನೆ. ಬೆಳಗಿನ 5 ಗಂಟೆಗೆ ಗೊರಗುಂಟೆಪಾಳ್ಯದಿಂದ ಹೊರಡುತ್ತೇವೆ. ತಡವಾದರೆ ನೆಲಮಂಗಲದವರೆಗೂ ಲಾರಿಗಳ ಬೆನ್ನು ನೋಡುತ್ತಾ ಕೂರಬೇಕಾಗುತ್ತದೆ.

ಆಗುಂಬೆ ಮಾರ್ಗವನ್ನು ಕೈಬಿಟ್ಟಿದ್ದೇನೆ, ಬೇಸರಿಸಬೇಡಿ. ಆ 14 ಕಡಿದಾದ ತಿರುವುಗಳಲ್ಲಿ ಕ್ಯಾರವಾನ್ ಟ್ರೈಲರ್ (ಗಾಡಿಯ ಹಿಂದೆ ಕಟ್ಟುವ ಚಕ್ರದ ಮನೆ) ಎಳೆದುಕೊಂಡು ಹೋಗುವುದು ಧೈರ್ಯವಲ್ಲ, ಹುಂಬತನ. ಮೊದಲ ರಾತ್ರಿ ಸಕಲೇಶಪುರ. ಮರುದಿನ ಬೆಳಕಿನಲ್ಲೇ ಶಿರಾಡಿ ಘಾಟಿ ಇಳಿದು, ಮಂಗಳೂರಿನಿಂದ ಹೆದ್ದಾರಿ 66ರಲ್ಲಿ ಉತ್ತರಕ್ಕೆ ತಿರುಗುತ್ತೇವೆ. ಮರವಂತೆಯಲ್ಲಿ ರಸ್ತೆಯ ಒಂದು ಬದಿ ಕಡಲು, ಇನ್ನೊಂದು ಬದಿ ಸೌಪರ್ಣಿಕಾ ನದಿ. ಅಲ್ಲಿಗೆ ಸೂರ್ಯಾಸ್ತಕ್ಕೆ ಮೊದಲೇ ತಲುಪಬೇಕೆಂಬುದು ನನ್ನ ಹಟ.

ಗಾಡಿ ಓಡುವಾಗ ಟ್ರೈಲರ್‌ನೊಳಗೆ ಯಾರೂ ಕೂರುವಂತಿಲ್ಲ. ಮಕ್ಕಳು ಎಷ್ಟೇ ಗೋಗರೆದರೂ ಸರಿ. ಹೊರಡುವ ಮುನ್ನ ಗ್ಯಾಸ್ ಸಿಲಿಂಡರ್ ಬಂದ್ ಆಗಿರಬೇಕು. ಭಾರದ ಸಾಮಾನನ್ನು ಚಕ್ರಗಳ ನೇರಕ್ಕೆ ಇಡಿ. ಹಿಂದೆ ತುಂಬಿದರೆ ಟ್ರೈಲರ್ ಬಾಲ ಅಲ್ಲಾಡಿಸಲು ಶುರುಮಾಡುತ್ತದೆ.

ಎಷ್ಟು ಜನ ಬರುತ್ತೀರಿ, ಯಾರು ವಾಹನ ಚಲಾಯಿಸಬಲ್ಲಿರಿ ಎಂದು ಭಾನುವಾರ ಸಂಜೆಯೊಳಗೆ ಇಲ್ಲೇ ಬರೆಯಿರಿ. ಹೆಬ್ಬೆರಳಿನ ಚಿತ್ರ ಮಾತ್ರ ಕಳುಹಿಸಬೇಡಿ, ಅದರಿಂದ ತಲೆ ಎಣಿಸಲು ಆಗುವುದಿಲ್ಲ.