ಮೇಘಾಲಯಕ್ಕೆ ಹೊರಟಿರುವ ಪುಟ್ಟಿಗೆ

ಚಿತ್ರದುರ್ಗ

ಪ್ರೀತಿಯ ಪುಟ್ಟಿ,

ನಿನ್ನ ಮಾವನ ಆಶೀರ್ವಾದಗಳು. ನೀನು ಆಫೀಸಿನ ಗೆಳತಿಯರ ಜೊತೆ ಮೇಘಾಲಯಕ್ಕೆ ಹೊರಟಿರುವ ವಿಷಯ ನಿನ್ನಮ್ಮ ಫೋನಿನಲ್ಲಿ ಹೇಳಿದಳು. ಅವಳಿಗೆ ಭಯ, ನನಗೆ ಖುಷಿ. 2012ರ ಆಗಸ್ಟ್‌ನಲ್ಲಿ ಈಶಾನ್ಯದವರ ಮೇಲೆ ಹಲ್ಲೆ ಆಗುತ್ತದೆ ಅಂತ ಸುಳ್ಳು ಸುದ್ದಿ ಹಬ್ಬಿ, ಬೆಂಗಳೂರಿನಲ್ಲಿದ್ದ ಈಶಾನ್ಯದ ಸಾವಿರಾರು ಜನ ಗುವಾಹಟಿಯ ರೈಲು ಹತ್ತಿದರು. ಟಿವಿಯಲ್ಲಿ ನೋಡಿ ಸಂಕಟವಾಯಿತು. ಅವರು ನಮ್ಮ ಕಡೆ ಬಂದು ದುಡಿಯುತ್ತಾರೆ, ನಮ್ಮ ಊಟ, ಮಾತು ಎಲ್ಲಕ್ಕೂ ಹೊಂದಿಕೊಳ್ಳುತ್ತಾರೆ. ನಾವು ಅವರ ಊರು ಯಾವುದು ಅಂತಲೂ ಕೇಳುವುದಿಲ್ಲ. ಅದಕ್ಕೇ ನೀನು ಹೋಗಲೇಬೇಕು.

ಒಂದು ಮಾತು ಮಾತ್ರ ನೆನಪಿಡು. ನಾಲ್ಕು ದಿನ ಸುತ್ತಿ ಬಂದು 'ಅಲ್ಲಿಯ ಜನ ಹೀಗೆ' ಅಂತ ತೀರ್ಪು ಕೊಡಬೇಡ. ಹಾಗೆ ಹೇಳಿಸಿಕೊಳ್ಳುವ ನೋವು ದುರ್ಗದವರಿಗೆ ಗೊತ್ತು. ಬೆಳಿಗ್ಗೆ ಬರುತ್ತಾರೆ, ಓಬವ್ವನ ಕಿಂಡಿಯ ಹತ್ತಿರ ಫೋಟೊ ತೆಗೆಸಿಕೊಳ್ಳುತ್ತಾರೆ, ಮಧ್ಯಾಹ್ನಕ್ಕೇ ಹಂಪಿ ದಾರಿ ಹಿಡಿಯುತ್ತಾರೆ. ಬರೀ ಕಲ್ಲು, ಬಿಸಿಲು, ಬರಗಾಲದ ಜಿಲ್ಲೆ ಅನ್ನುತ್ತಾರೆ. ಬಿಸಿಲೂ ನಿಜ, ಬರವೂ ನಿಜ. ಆದರೆ ಅದೇ ಕೋಟೆಯಲ್ಲಿ ಗೋಪಾಲಸ್ವಾಮಿ ಹೊಂಡ ತುಂಬಿದರೆ ನೀರು ಅಕ್ಕ-ತಂಗಿ ಹೊಂಡಕ್ಕೆ ಇಳಿಯುತ್ತದೆ. ಅಲ್ಲಿಂದ ಸಿಹಿನೀರು ಹೊಂಡ, ಆಮೇಲೆ ಕೆಳಗೆ ಪೇಟೆಯ ಸಂತೆಹೊಂಡ. ಮಳೆ ಕಮ್ಮಿ ಬೀಳುವ ಊರಿನವರು ನೀರನ್ನು ಹಿಡಿದಿಟ್ಟುಕೊಂಡ ರೀತಿ ಅದು. ಊರಿನವರು ಯಾರಾದರೂ ಜೊತೆಗೆ ನಿಂತು ತೋರಿಸದಿದ್ದರೆ ಅದು ಬರೀ ಪಾಚಿಗಟ್ಟಿದ ಹೊಂಡ, ಅಷ್ಟೇ.

ಮೇಘಾಲಯದ ಖಾಸಿ ಜನರ ವಿಷಯದಲ್ಲೂ ಹೀಗೇ ಆಗಿದೆ. ಅಲ್ಲಿ ಮಕ್ಕಳಿಗೆ ಬರುವುದು ತಾಯಿಯ ಕುಲದ ಹೆಸರು. ಹಿರಿಯರ ಮನೆ ಕೊನೆಯ ಮಗಳಿಗೆ. ಇಷ್ಟು ಕೇಳಿದ ಪ್ರವಾಸಿಗಳು 'ಅಲ್ಲಿ ಹೆಂಗಸರದೇ ರಾಜ್ಯ' ಅಂತ ಸಾರಿಬಿಡುತ್ತಾರೆ. ಹಳೆಯ ಪದ್ಧತಿಯಲ್ಲಿ ಊರಿನ ದರ್ಬಾರಿನಲ್ಲಿ, ಅಂದರೆ ಊರ ಸಭೆಯಲ್ಲಿ, ಕೂರುತ್ತಿದ್ದವರು ಗಂಡಸರು. ಮನೆಯ ದೊಡ್ಡ ತೀರ್ಮಾನಗಳಲ್ಲಿ ತಾಯಿಯ ಅಣ್ಣತಮ್ಮಂದಿರ ಮಾತಿಗೆ ತೂಕ. ಆ ಕೊನೆಯ ಮಗಳಿಗೆ ಮನೆಯ ಜೊತೆಗೆ ವಯಸ್ಸಾದ ಅಪ್ಪ ಅಮ್ಮನ ಹೊಣೆಯೂ ಬರುತ್ತದೆ. ಅದು ಅವಳಿಗೆ ಭಾಗ್ಯವೋ ಭಾರವೋ, ನಾವು ಹೇಗೆ ಹೇಳೋಣ? ಅವಳನ್ನೇ ಕೇಳಬೇಕು, ಅಲ್ವಾ?

ಅಲ್ಲಿ ಮನೆಗೆ ಹೋದವರಿಗೆ ಮೊದಲು ಎಲೆ ಅಡಿಕೆ ಕೊಡುತ್ತಾರೆ, ಕ್ವಾಯ್ ಅಂತಾರೆ. ಚನ್ನಗಿರಿಯ ನಮ್ಮ ನೆಂಟರ ಮನೆ ನೆನಪಾಗಬಹುದು. ಆದರೆ ಅದು ಹಸಿ ಅಡಿಕೆ, ತಲೆ ಸುತ್ತುತ್ತದೆ, ಚಿಕ್ಕ ಚೂರು ತಗೋ. ಊಟಕ್ಕೆ ಹಂದಿ ಮಾಂಸ ಇರುತ್ತದೆ. ಬೇಡವಾದರೆ ಬೇಡ ಅನ್ನು, ಮುಖ ಮಾತ್ರ ಸಿಂಡರಿಸಬೇಡ.

ಮೊರಾಕ್ಕೊದ ಇಬ್ನ್ ಬತೂತ 1325ರಲ್ಲಿ ಊರು ಬಿಟ್ಟವನು, ಹೆಚ್ಚುಕಮ್ಮಿ ಮೂವತ್ತು ವರ್ಷ ತಿರುಗಿದ. ನಮ್ಮ ಹೊನ್ನಾವರಕ್ಕೂ ಬಂದ. ಅಲ್ಲಿ ಹೆಣ್ಣುಮಕ್ಕಳಿಗೆ 13 ಶಾಲೆಗಳಿವೆ ಅಂತ ಮೆಚ್ಚಿ ಬರೆದ. ಅದೇ ಮನುಷ್ಯ ಮಾಲ್ಡೀವ್ಸ್‌ನಲ್ಲಿ ಖಾಜಿ, ಅಂದರೆ ನ್ಯಾಯಾಧೀಶ, ಆದಾಗ ಅಲ್ಲಿಯ ಹೆಂಗಸರು ಸೊಂಟದ ಮೇಲೆ ಬಟ್ಟೆ ಹಾಕುವುದಿಲ್ಲ ಅಂತ ಸಿಟ್ಟಾಗಿ, ಹಾಕಿಕೊಳ್ಳಿ ಅಂತ ಆಜ್ಞೆ ಮಾಡಿದ. ಅವರು ಕೇಳಲಿಲ್ಲ. ಇದನ್ನೂ ಅವನೇ ಹೇಳಿಕೊಂಡಿದ್ದಾನೆ. ಹೊನ್ನಾವರದಲ್ಲಿ ಅವನು ಅತಿಥಿ, ಮಾಲ್ಡೀವ್ಸ್‌ನಲ್ಲಿ ಅಧಿಕಾರಿ. ನನಗೆ ಕಾಣುವ ವ್ಯತ್ಯಾಸ ಅದು.

ದುಡ್ಡು ಕೊಟ್ಟು ಹೋಗುವವರಿಗೂ ಸಣ್ಣದೊಂದು ಅಧಿಕಾರ ಬಂದುಬಿಡುತ್ತದೆ, ಪುಟ್ಟಿ. ಸೂರಗೊಂಡನಕೊಪ್ಪದ ಜಾತ್ರೆಯಲ್ಲಿ ಲಂಬಾಣಿ ಹೆಂಗಸರ ಮುಖಕ್ಕೇ ಕ್ಯಾಮೆರಾ ಹಿಡಿಯುವವರನ್ನು ನೋಡಿದ್ದೇನೆ. ಒಂದು ಮಾತೂ ಕೇಳುವುದಿಲ್ಲ. ಮೇಘಾಲಯದ ಮಾವ್ಲಿನ್ನಾಂಗ್ ಹಳ್ಳಿಯನ್ನು 2003ರಲ್ಲಿ ಒಂದು ಪ್ರವಾಸಿ ಪತ್ರಿಕೆ ಏಷ್ಯಾದ ಅತಿ ಸ್ವಚ್ಛ ಹಳ್ಳಿ ಅಂತ ಕರೆದ ಮೇಲೆ ಜನ ಅಲ್ಲಿಗೆ ಮುಗಿಬೀಳುತ್ತಾರೆ. ನೀನು ಹೋದರೆ ಯಾರದೋ ಅಂಗಳದಲ್ಲಿ ಸುಮ್ನೆ ಫೋಟೊ ತೆಗೆಯಬೇಡ. ಕೇಳು, ಕೂತು ಮಾತಾಡು. ಅವರೂ ನಿನ್ನನ್ನು ಕೇಳಲಿ. ನಮ್ಮಲ್ಲಿ ಮದುವೆ ಹೇಗೆ, ಆಸ್ತಿ ಯಾರಿಗೆ, ಎಲ್ಲ ಹೇಳು. ಕೆಲವಕ್ಕೆ ಉತ್ತರ ಕೊಡುವುದು ಕಷ್ಟವಾಗುತ್ತದೆ. ಮುಚ್ಚಿಡಬೇಡ.

ಈಗಿನ ಖಾಸಿ ಮನೆಗಳಲ್ಲಿ ಸೋದರಮಾವನ ಮಾತು ಎಷ್ಟು ನಡೆಯುತ್ತದೆ ಅಂತ ವಿಚಾರಿಸಿಕೊಂಡು ಬಾ. ನನಗೆ ನಿಜವಾಗಿ ತಿಳಿಯಬೇಕಾಗಿದೆ. ಮಳೆ ಜಾಸ್ತಿ, ಒಳ್ಳೆ ಜರ್ಕಿನ್ ತಗೊಂಡು ಹೋಗು. ರಾತ್ರಿ ಅಮ್ಮನಿಗೆ ಫೋನ್ ಮಾಡು.

ಇಂತಿ,
ನಿನ್ನ ಮಾವ