ಖಾಲಿ ಇರುವುದು ಯಾವ ಕುರ್ಚಿ?

ಪ್ರಿಯರೇ,

ನಿಮ್ಮ ಲೇಖನ ‘ಜಗತ್ತಿಗೆ ಇಂದು ನಾಯಕರೇ ಇಲ್ಲ’ ಎಂದು ಶುರುವಾಗುತ್ತದೆ. ಆ ಸಾಲು ತೆಗೆದುಬಿಡಿ. ಎಲ್ಲಿ, ಯಾವ ನಿಯಮದಿಂದಾಗಿ, ಯಾವ ಕೆಲಸ ನಿಂತಿದೆ ಎಂದು ತೋರಿಸಿದರೆ ಓದುಗರು ತಾವಾಗಿಯೇ ಆ ಮಾತಿಗೆ ಬರುತ್ತಾರೆ.

ವಿಶ್ವ ವ್ಯಾಪಾರ ಸಂಸ್ಥೆಯಿಂದ ಶುರು ಮಾಡಿ. ಅದರ ಬಗ್ಗೆ ಬರೆಯುವವರು ಕಡಿಮೆ. ದೇಶಗಳ ನಡುವಿನ ವ್ಯಾಪಾರ ಜಗಳಗಳಲ್ಲಿ ಮೇಲ್ಮನವಿ ಕೇಳುವ ಅಲ್ಲಿನ ಮಂಡಳಿಗೆ 7 ಸದಸ್ಯರು. ಒಂದು ಪ್ರಕರಣ ಕೇಳಲು 3 ಮಂದಿ ಬೇಕೇ ಬೇಕು. ನೇಮಕಕ್ಕೆ ಎಲ್ಲ ದೇಶಗಳ ಒಮ್ಮತ ಬೇಕು, ಅಮೆರಿಕ ಒಪ್ಪಲಿಲ್ಲ. 2019ರ ಡಿಸೆಂಬರ್‌ನಲ್ಲಿ ಉಳಿದದ್ದು ಒಬ್ಬರೇ. ಮಂಡಳಿಯನ್ನು ಯಾರೂ ರದ್ದು ಮಾಡಲಿಲ್ಲ, ಅದು ಹಾಗೇ ನಿಂತುಹೋಯಿತು. ಈಗ ಕೆಳಹಂತದಲ್ಲಿ ಸೋತ ದೇಶ ಮೇಲ್ಮನವಿ ಹಾಕಿ ನಿಶ್ಚಿಂತೆಯಿಂದ ಕೂರಬಹುದು. ಕೇಳುವವರಿಲ್ಲ, ತೀರ್ಪೂ ಜಾರಿಯಾಗುವುದಿಲ್ಲ. ಹಾಗೆಂದು ಎಲ್ಲವೂ ಮುಗಿಯಿತು ಎಂದು ಬರೆಯಬೇಡಿ. ಯುರೋಪಿಯನ್ ಒಕ್ಕೂಟ, ಚೀನಾ ಮೊದಲಾದವು 2020ರಲ್ಲಿ ತಮ್ಮೊಳಗೇ ಬದಲಿ ಏರ್ಪಾಡು ಮಾಡಿಕೊಂಡವು. ಅದು ಸೇರಿದವರಿಗೆ ಮಾತ್ರ. ಅಮೆರಿಕ, ಭಾರತ ಹೊರಗೇ ಇವೆ.

‘ವಿಶ್ವಸಂಸ್ಥೆ ಕೈಕಟ್ಟಿ ಕುಳಿತಿತ್ತು’ ಎಂಬ ನಿಮ್ಮ ವಾಕ್ಯದಲ್ಲಿ ಅದರ ಎರಡು ಅಂಗಗಳು, ಭದ್ರತಾ ಮಂಡಳಿ ಮತ್ತು ಮಹಾಸಭೆ, ಕಲಸಿಹೋಗಿವೆ. ಭದ್ರತಾ ಮಂಡಳಿಯ 15 ಮತಗಳಲ್ಲಿ 9 ಸಾಕು, ಆದರೆ 5 ಕಾಯಂ ಸದಸ್ಯರಲ್ಲಿ ಯಾರೂ ವಿರುದ್ಧ ಮತ ಹಾಕಿರಬಾರದು. 2022ರ ಫೆಬ್ರುವರಿ 25ರಂದು ಉಕ್ರೇನ್ ಮೇಲಿನ ರಷ್ಯಾದ ದಾಳಿಯ ವಿರುದ್ಧದ ನಿರ್ಣಯಕ್ಕೆ 11 ಮತ ಬಿದ್ದವು. ಚೀನಾ, ಭಾರತ, ಯುಎಇ ಮತ ಹಾಕಲಿಲ್ಲ. (ಕಾಯಂ ಸದಸ್ಯ ದೂರ ಉಳಿದರೆ ಅದು ವೀಟೊ ಅಲ್ಲ, ಬಹಳ ಮಂದಿ ಎಡವುವುದು ಇಲ್ಲೇ.) ರಷ್ಯಾದ ಒಂದೇ ಮತಕ್ಕೆ ನಿರ್ಣಯ ಬಿತ್ತು. ಮಾರ್ಚ್ 2ರಂದು ಮಹಾಸಭೆಯಲ್ಲಿ 141 ದೇಶಗಳು ರಷ್ಯಾದ ದಾಳಿಯನ್ನು ಖಂಡಿಸಿದವು, ಆದರೆ ಮಹಾಸಭೆ ಯಾವ ದೇಶದ ಸೇನೆಯನ್ನೂ ಹಿಂದಕ್ಕೆ ಕಳಿಸಲಾರದು. ಇದು ನಾಯಕರ ಕೊರತೆಯೋ, 1945ರಲ್ಲಿ ವಿಶ್ವಸಂಸ್ಥೆ ಕಟ್ಟುವಾಗಲೇ ಬೇಕೆಂದು ಇಟ್ಟ ಬೀಗವೋ? ನಿಮ್ಮ ಲೇಖನ ಉತ್ತರಿಸಬೇಕಾದ ಪ್ರಶ್ನೆ ಇದು.

ಹಿಂದಿನ ಕಾಲ ಚೆನ್ನಾಗಿತ್ತು ಎನ್ನುವುದಾದರೆ ಪುರಾವೆ ಕೊಡಿ. 2009ರ ಏಪ್ರಿಲ್‌ನಲ್ಲಿ ಜಾಗತಿಕ ಆರ್ಥಿಕ ಕುಸಿತದ ನಡುವೆ ಲಂಡನ್ನಿನ ಜಿ20 ಸಭೆ 1.1 ಲಕ್ಷ ಕೋಟಿ ಡಾಲರ್ ನೆರವು ಘೋಷಿಸಿತು. 2020ರಲ್ಲಿ, ಕೋವಿಡ್ ನಡುವೆಯೇ, ಅಮೆರಿಕ ವಿಶ್ವ ಆರೋಗ್ಯ ಸಂಸ್ಥೆ ಬಿಡುವುದಾಗಿ ಹೇಳಿತು. ಈ ಎರಡನ್ನು ಪಕ್ಕಪಕ್ಕ ಇಟ್ಟರೆ ಸಾಕು. ಆದರೆ 2008ರಲ್ಲಿ ಬೆಂಕಿ ಹತ್ತಿದ್ದು ಶ್ರೀಮಂತ ದೇಶಗಳ ಬ್ಯಾಂಕುಗಳಿಗೇ ಎಂಬುದನ್ನೂ ಸೇರಿಸಿ, ಇಲ್ಲದಿದ್ದರೆ ಅವರ ಔದಾರ್ಯ ದೊಡ್ಡದಾಗಿ ಕಾಣುತ್ತದೆ.

ಕೊನೆಗೆ, ‘ಅಂತರರಾಷ್ಟ್ರೀಯ ಸಮುದಾಯ’ ಎಂದು ಬರೆದಲ್ಲೆಲ್ಲ ದೇಶದ ಹೆಸರು ಹಾಕಿ ನೋಡಿ. ಹೆಸರು ಸಿಗದ ವಾಕ್ಯಗಳನ್ನು ಹೊಡೆದುಹಾಕಿ, ಕರಡನ್ನು ಮತ್ತೆ ಕಳಿಸಿ.